ರಸ್ತೆ ಖಾಲಿ ಐತಿ

ನಾಗಪುರದ ಒಂದು ಎಫ್‌ಎಂ ಸ್ಟೇಷನ್ನಿನಲ್ಲಿ ನಾನು ಕೆಲವು ವರ್ಷ ಬೆಳಗಿನ ಹೊತ್ತು ಟ್ರಾಫಿಕ್ ಫೋನು ಎತ್ತುವ ಕೆಲಸ ಮಾಡಿದೆ. ಊರಿನ ಜನ ತಾವು ಸಿಕ್ಕಿಬಿದ್ದ ರಸ್ತೆಯಿಂದಲೋ, ಮನೆಯ ಬಾಗಿಲಿನಿಂದಲೋ ಫೋನ್ ಮಾಡಿ ಎಲ್ಲೆಲ್ಲಿ ವಾಹನ ನಿಂತಿವೆ ಎಂದು ಹೇಳುತ್ತಿದ್ದರು. ಕೆಲವರು ದನಿ ಮುದ್ರಿಸಿ ಕಳಿಸುತ್ತಿದ್ದರು. ಅದರಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ, ಯಾವುದು ಸುಳ್ಳು ಎಂದು ಆಗಿಂದಾಗಲೇ ತೀರ್ಮಾನಿಸಿ, ಗಾಜಿನ ಆಚೆ ಕೂತಿದ್ದ ಹುಡುಗಿಗೆ ಚೀಟಿ ಕೊಡುವುದು ನನ್ನ ಕೆಲಸ. ಅವಳು ಎರಡು ಹಾಡಿನ ನಡುವೆ ಅದನ್ನು ನಗುನಗುತ್ತಾ ಓದುತ್ತಿದ್ದಳು.

ನನ್ನ ಗಂಡನಿಗೆ ರೈಲ್ವೆಯಲ್ಲಿ ಕೆಲಸ. ಮೈಸೂರಿನಿಂದ ವರ್ಗವಾಗಿ ಇಲ್ಲಿಗೆ ಬಂದಾಗ ನನಗೆ ಹಿಂದಿ ಸಿನಿಮಾ ನೋಡಿ ಕಲಿತಷ್ಟು ಬರುತ್ತಿತ್ತು, ಮರಾಠಿ ಏನೂ ಬರುತ್ತಿರಲಿಲ್ಲ. ತರಕಾರಿಯವಳ ಹತ್ತಿರ ಹಿಂದಿ, ಪಕ್ಕದ ಮನೆಯವರ ಹತ್ತಿರ ಮರಾಠಿ ಕಲಿತೆ. ಮಗಳು ಶಾಲೆಗೆ ಸೇರಿದ ಮೇಲೆ ಅವಳ ಬಾಯಲ್ಲಿ ಕನ್ನಡ ದಿನದಿನಕ್ಕೆ ಸಣ್ಣದಾಗುತ್ತಾ ಬಂತು. "ಅಮ್ಮಾ, ಜಲ್ದಿ ಡಬ್ಬಾ ದೇ, ಆಟೋ ಬಂತು" ಅನ್ನುತ್ತಿದ್ದಳು. ಗಂಡ ಡ್ಯೂಟಿ ಮುಗಿಸಿ ಬಂದರೆ ಸುಸ್ತು. ಊಟ ಆಯ್ತಾ, ನಾಳೆ ಎಷ್ಟು ಹೊತ್ತಿಗೆ, ಗ್ಯಾಸ್ ಬುಕ್ ಮಾಡಿದೆಯಾ ಎನ್ನುವುದೇ ನಮ್ಮ ಮನೆಯ ಕನ್ನಡ. ಕನ್ನಡ ಇರಲಿಲ್ಲ ಎಂದು ಹೇಳಲಾರೆ. ಆದರೆ ಅದರಲ್ಲಿ ಹರಟೆಯಾಗಲಿ, ಬೈಗುಳವಾಗಲಿ, ಚಾಡಿಯಾಗಲಿ ಏನೂ ಇರಲಿಲ್ಲ.

ಸ್ಟೇಷನ್ನಿನಲ್ಲಿ ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಬೆಳಗಿನ ಕಾರ್ಯಕ್ರಮದ ನಿರ್ಮಾಪಕಿ. ಊರಿನ ಹಳೆಯ ಪೇಟೆ ಇತವಾರಿಯಲ್ಲೇ ಹುಟ್ಟಿ ಬೆಳೆದ ಮರಾಠಿ ಹೆಂಗಸು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಮೊದಲ ದಿನವೇ ಹೇಳಿದಳು: "ಏನಾಯಿತು ಅಂತ ಯಾರನ್ನೂ ಕೇಳಬೇಡ. ಕೇಳಿದರೆ ಕತೆ ಹೇಳುತ್ತಾರೆ. ನಿಮ್ಮ ಕಣ್ಣಿಗೆ ಈಗ ಏನು ಕಾಣುತ್ತಿದೆ ಅಂತ ಕೇಳು."

ಆ ಒಂದು ಮಾತಿನಿಂದ ನಾನು ಬಹಳ ಕಲಿತೆ. "ಪೂರಾ ಜಾಮ್ ಹೈ, ಪೂರಾ ಶಹರ್ ಜಾಮ್ ಹೈ" ಎಂದು ಕೂಗುವವನಿಗೆ ತನ್ನ ಮುಂದಿನ ಲಾರಿಯ ಹಿಂಭಾಗ ಬಿಟ್ಟು ಬೇರೇನೂ ಕಂಡಿರುವುದಿಲ್ಲ. ಸಿಕ್ಕಿಬಿದ್ದವನಿಗೆ ಇಡೀ ಊರೇ ಸಿಕ್ಕಿಬಿದ್ದ ಹಾಗೆ ಅನ್ನಿಸುತ್ತದೆ. ಊರಂಚಿನ ವಾಡಿಯ ಗೋದಾಮುಗಳ ಕಡೆಯಿಂದ ಒಬ್ಬ ಲಾರಿ ಡ್ರೈವರ್ ದಿನಾ ಫೋನ್ ಮಾಡುತ್ತಿದ್ದ. ಅವನು ಹೇಳಿದ್ದು ಯಾವಾಗಲೂ ನಿಜ, ಆದರೆ ಯಾವಾಗಲೂ ಹಳತು. ಜಾಮ್ ಬಿಟ್ಟು, ಚಹಾ ಕುಡಿದು, ಆಮೇಲೆ ಫೋನ್ ಮಾಡುತ್ತಿದ್ದ. ಇತವಾರಿಯ ಒಬ್ಬ ಬಟ್ಟೆ ವ್ಯಾಪಾರಿ ತನ್ನ ಗಲ್ಲಿಯಲ್ಲಿ ಕೈಗಾಡಿ ಮಗುಚಿದೆ ಎಂದು ವಾರಕ್ಕೆರಡು ಸಲ ಹೇಳುತ್ತಿದ್ದ. ಬೇರೆಯವರ ಟೆಂಪೋಗಳು ಗಲ್ಲಿಗೆ ನುಗ್ಗದಿರಲಿ ಎನ್ನುವುದು ಅವನ ಲೆಕ್ಕಾಚಾರ. ಒಂದೇ ಸುದ್ದಿ ಐದಾರು ಜನರಿಂದ ಬಂದರೆ ನಿಜ ಎಂದುಕೊಂಡು ನಾನು ಮೊದಮೊದಲು ಮೋಸ ಹೋಗುತ್ತಿದ್ದೆ. ಐದೂ ಜನ ಒಂದೇ ಶಬ್ದ ಬಳಸಿದ್ದರೆ ಅದು ಒಬ್ಬನ ಸುದ್ದಿಯೇ ಹೊರತು ಐವರದ್ದಲ್ಲ, ಉಳಿದವರು ಎಲ್ಲೋ ಓದಿ ಮುಂದೆ ದಾಟಿಸಿದ್ದಾರೆ ಎಂದು ಆಮೇಲೆ ತಿಳಿಯಿತು. ಇಬ್ಬರು ಬೇರೆ ಬೇರೆ ಮಾತಿನಲ್ಲಿ, ಬೇರೆ ಬೇರೆ ಕಡೆಯಿಂದ ನೋಡಿ ಹೇಳಿದರೆ ಮಾತ್ರ ಚೀಟಿ ಬರೆಯುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಆ ಫೋನು ಬಂತು. ಹೆಂಗಸಿನ ದನಿ, ವಯಸ್ಸಾದದ್ದು, ಗಟ್ಟಿಯಾದದ್ದು.

"ಮೇಡಂಜೀ, ಮನೀಶ್ ನಗರ್ ಕೇ ಮೋಡ್ ಪೇ ಸ್ಕೂಲ್ ಬಸ್ ಅಡ್ಡಾ ಖಡಾ ಹೈ. ಪೀಛೇ ಸಬ್ ಗಾಡಿ ನಿಂತಾ ಹೈ."

ಹಿಂದಿಯ ನಡುವೆ 'ನಿಂತಾ' ಎಂದದ್ದು ಕೇಳಿ ನನ್ನ ಪೆನ್ನೂ ನಿಂತಿತು. ಎಷ್ಟು ವರ್ಷ ಹಿಂದಿ ಆಡಿದ್ದರೂ ಅವಸರದಲ್ಲಿ ಒಳಗಿನದು ಹೊರಗೆ ಬಂದೇ ಬರುತ್ತದೆ. ನಾನು ಕನ್ನಡದಲ್ಲೇ ಕೇಳಿದೆ: "ಎಷ್ಟು ಗಾಡಿ ನಿಂತಿವೆ ಅಕ್ಕ? ಏನು ಕಾಣಿಸ್ತಿದೆ?"

ಈಗ ಬಂದದ್ದು ಬೇರೆಯದೇ ದನಿ.

"ಯವ್ವಾ! ನೀ ಕನ್ನಡದಾಕಿ ಏನವಾ?"

"ಹೌದು ಅಕ್ಕ. ಬಸ್ಸು ಹೇಗೆ ನಿಂತಿದೆ ಹೇಳಿ."

"ಅಡ್ಡ ನಿಂತೈತಿ ತಂಗಿ. ಮುಂದಿನ ಗಾಲಿ ಗಟಾರದಾಗ ಇಳದೈತಿ. ಹುಡುಗೂರನ್ನ ಕೆಳಗ ಇಳಿಸ್ಯಾರ. ಡ್ರೈವರ್ ಬಾಜೂಕ ಕುಂತು ಬೀಡಿ ಹಚ್ಯಾನ. ಅಂವಾ ಬೀಡಿ ಹಚ್ಚಿದಾ ಅಂದ್ರ ಈಗೇನ್ ಜಲ್ದಿ ಏಳೂದಿಲ್ಲ ಬಿಡು."

ನಾನು ನಗುತ್ತಲೇ ಚೀಟಿ ಬರೆದೆ. ಎರಡನೆಯವರು ಹೇಳಲಿ ಎಂದು ಕಾಯಲೂ ಇಲ್ಲ. ಇಷ್ಟು ನೋಡಿ ಹೇಳುವವರು ಸುಳ್ಳು ಹೇಳುವುದಿಲ್ಲ.

ಅಂದಿನಿಂದ ಅವಳ ಫೋನು ಹೆಚ್ಚುಕಡಿಮೆ ದಿನವೂ ಬರತೊಡಗಿತು. ಗದಗದ ಹೆಣ್ಣುಮಗಳು. ಬೆಳಗಾವಿಯ ಹತ್ತಿರ ವಾಯುಪಡೆಯಲ್ಲಿದ್ದ ಒಬ್ಬ ಮರಾಠಿ ಹುಡುಗನನ್ನು ಮನೆಯವರಿಗೆ ಎದುರಾಡಿ ಮದುವೆಯಾಗಿದ್ದಳು. ಊರೂರು ಸುತ್ತಿ, ಅವನು ನಿವೃತ್ತನಾದ ಮೇಲೆ ಅವನ ಊರಾದ ನಾಗಪುರಕ್ಕೇ ಬಂದು ಮನೀಶ್ ನಗರದಲ್ಲಿ ಫ್ಲ್ಯಾಟು ಕೊಂಡಿದ್ದರು. ಮನೆಯಲ್ಲಿ ಮರಾಠಿ, ಮಗಳ ಜೊತೆ ಮರಾಠಿ, ಕೆಲಸದವಳ ಜೊತೆ ಹಿಂದಿ. ತವರಿನಲ್ಲಿ ಅವಳ ಜೊತೆ ಕನ್ನಡ ಆಡುತ್ತಿದ್ದವರು ಒಬ್ಬೊಬ್ಬರಾಗಿ ತೀರಿಹೋಗಿದ್ದರು. ಇವೆಲ್ಲ ಅವಳು ಒಂದೇ ಸಲ ಹೇಳಿದ್ದಲ್ಲ. ಆಟೋ ನಿಂತದ್ದು, ಮೆಟ್ರೋ ಕಂಬದ ಹತ್ತಿರ ಗುಂಡಿ ತೋಡಿದ್ದು, ಇಂಥ ಸುದ್ದಿಗಳ ಅಂಚಿನಲ್ಲಿ ಒಂದೊಂದು ಮಾತಾಗಿ ಬಂದದ್ದು. ನನಗೂ ಹೆಚ್ಚು ಹೊತ್ತು ಮಾತಾಡುವ ಹಾಗಿರಲಿಲ್ಲ, ಪಕ್ಕದ ಲೈನು ಮಿಣುಕುತ್ತಿರುತ್ತಿತ್ತು. ಆದರೂ ಅವಳ ಫೋನು ಬಂದ ದಿನ ನನ್ನ ಬೆಳಗು ಬೇರೆಯೇ ಇರುತ್ತಿತ್ತು. ಅವಳ ಕನ್ನಡ ನನ್ನ ಕನ್ನಡವಲ್ಲ. ಮೈಸೂರಿನಲ್ಲಿದ್ದಾಗ ಬಸ್ಸಿನಲ್ಲಿ ಆ ಕನ್ನಡ ಕೇಳಿದರೆ ತಿರುಗಿ ನೋಡಿ ಸುಮ್ಮನಾಗುತ್ತಿದ್ದವಳು ನಾನು. ಇಲ್ಲಿ ಅದು ಕಿವಿಗೆ ಬಿದ್ದರೆ ಯಾರೋ ನಮ್ಮ ಮನೆಯವರೇ ಬಾಗಿಲು ತಟ್ಟಿದ ಹಾಗಾಗುತ್ತಿತ್ತು.

ಸ್ಟೇಷನ್ನಿನಲ್ಲಿ ಅವಳಿಗೆ "ಖಿಡಕೀವಾಲ್ಯಾ ಕಾಕೂ" ಎಂದು ಹೆಸರಾಯಿತು. ಕಿಟಕಿಯ ಚಿಕ್ಕಮ್ಮ.

ದೀಪಾವಳಿಯ ಮರುದಿನ. ಊರೆಲ್ಲ ತಡವಾಗಿ ಏಳುವ ದಿನ. ಫೋನುಗಳೇ ಇಲ್ಲ. ನಿರ್ಮಾಪಕಿ ಕಂಪ್ಯೂಟರಿನಲ್ಲಿ ಊರಿನ ನಕ್ಷೆ ತೆರೆದಿಟ್ಟಿದ್ದಳು. ವಾಹನಗಳಲ್ಲಿರುವ ಜನರ ಫೋನುಗಳಿಂದ ತಾನಾಗಿ ಬರುವ ಮಾಹಿತಿಯಿಂದ ರಸ್ತೆಗಳಿಗೆ ಬಣ್ಣ ತುಂಬುವ ನಕ್ಷೆ ಅದು. ಆಗಿನ್ನೂ ಅದು ನಮಗೆ ಹೊಸದು. ಇಡೀ ನಾಗಪುರ ಹಸಿರಾಗಿತ್ತು. ಆಗ ಕಿಟಕಿಯ ಚಿಕ್ಕಮ್ಮನ ಫೋನು ಬಂತು.

"ತಂಗಿ, ಭಾಳ ಗದ್ಲ ಐತಿ ಇಲ್ಲಿ. ಬರಕೋ."

"ಹೇಳಿ ಅಕ್ಕ, ಏನು ಕಾಣ್ತಿದೆ?"

"ಒಂದು ಬಂಡಿ ನಿಂತೈತಿ. ಎತ್ತಿನ ಬಂಡಿ. ಗಾಲಿ ಕಳಚಿ ಬಿದ್ದೈತಿ ನೋಡು. ಜೋಳದ ಚೀಲಾ ಒಡದು ರಸ್ತೆ ತುಂಬ ಜೋಳ ಚೆಲ್ಲ್ಯಾವ. ಹೂವಿನಾಕಿ ಬೈಯಾಕ ಹತ್ಯಾಳ, ನನ್ನ ಬುಟ್ಟಿ ಮ್ಯಾಲೆ ಬಂಡಿ ಹಾಯಿಸ್ತೀಯೇನೋ ಅಂತ. ಹಿಂದ ಟಾಂಗಾದಾಂವ ಇಳದು ಬಂದು ಜೋಳ ಬಳದು ಕೊಡಾಕ ಹತ್ಯಾನ. ಗುಬ್ಬಿ ಬಂದಾವ, ಏನ್ ಗುಬ್ಬಿ ಅಂತಿ..."

ಮನೀಶ್ ನಗರದಲ್ಲಿ ಹೊಸ ಅಪಾರ್ಟ್‌ಮೆಂಟುಗಳು, ಕಾರು, ಸ್ಕೂಟರು. ಅಲ್ಲಿ ಎತ್ತಿನ ಬಂಡಿ ಎಲ್ಲಿಂದ ಬರಬೇಕು? ಟಾಂಗಾ ಎಲ್ಲಿಂದ ಬರಬೇಕು? ಅಷ್ಟರಲ್ಲಿ ಇನ್ನೊಂದು ಲೈನಿನಲ್ಲಿ ಅದೇ ರಸ್ತೆಯಿಂದ ಬಂದ ಸ್ಕೂಟರಿನವನೊಬ್ಬ ದನಿ ಕಳಿಸಿದ್ದ: ಇಡೀ ರಸ್ತೆಯಲ್ಲಿ ನಾನೊಬ್ಬನೇ, ಹಾಡು ಹಾಕಿ. ನಿರ್ಮಾಪಕಿ ನನ್ನ ಮುಖ ನೋಡಿ ಹುಬ್ಬೇರಿಸಿದಳು. "ಏನಂತಾಳೆ ಕಾಕೂ?"

ನಾನು ಕೈಯಿಂದ 'ಇರು' ಎಂದು ಸನ್ನೆ ಮಾಡಿದೆ. ಫೋನಿನಲ್ಲಿದ್ದವಳು ಹೇಳುತ್ತಿದ್ದುದು ಸುಳ್ಳು ಎಂದು ನನಗೆ ಗೊತ್ತಾಗಿತ್ತು. ಆದರೆ ಕತೆ ಕಟ್ಟುವವರ ಸುಳ್ಳಿನ ಹಾಗೆ ಇರಲಿಲ್ಲ ಅದು. ಕಂಡದ್ದನ್ನೇ ಹೇಳುತ್ತಿದ್ದಳು. ಕಂಡದ್ದು ಈ ರಸ್ತೆಯಲ್ಲಿ ಅಲ್ಲ, ಇಂದೂ ಅಲ್ಲ, ಅಷ್ಟೆ.

"ಅಕ್ಕ," ಅಂದೆ, "ಇದು ಗದಗದಲ್ಲಿ ಅಲ್ವಾ?"

ಅವಳು ನಕ್ಕಳು. ನಾಚಿಕೆಯ ನಗು.

"ಗೊತ್ತಾತೇನ ನಿನಗ? ನಮ್ಮ ಮನಿ ಮುಂದಿನ ರಸ್ತೇದು ತಂಗಿ. ನಾ ಸಣ್ಣಾಕಿ ಇದ್ದಾಗಿಂದು."

"ಇವತ್ತು ನಿಮ್ಮ ರಸ್ತೆಯಲ್ಲಿ ಏನಿದೆ?"

"ಏನೈತಿ? ಏನೂ ಇಲ್ಲ. ಒಂದು ನಾಯಿ ಮಲಗೈತಿ. ಖರೇ ಹೇಳಲೇನು? ಗದ್ಲ ಇಲ್ಲಾ ಅಂದ್ರ ನೀ ಫೋನ್ ಇಟ್ಟಬಿಡ್ತಿ. ಹೋದ ವಾರನೂ ಎರಡ ದಿನಾ ಗದ್ಲ ಇರಲಿಲ್ಲ. ಇತ್ತು ಅಂತ ಹೇಳಿದೆ."

ಹೋದ ವಾರ ಆ ಎರಡೂ ದಿನ ನಾವು ಅವಳ ಸುದ್ದಿಯನ್ನು ಓದಿಬಿಟ್ಟಿದ್ದೆವು. ಯಾರೋ ಒಂದಿಷ್ಟು ಜನ ಸುಮ್ಮನೆ ಸುತ್ತು ಹಾಕಿ ಹೋಗಿರಬೇಕು. ಆದರೂ ನನಗೆ ಸಿಟ್ಟು ಬರಲಿಲ್ಲ. ನನ್ನ ಸ್ವಂತ ನಂಬರು ಕೊಡುತ್ತೇನೆ, ಮಧ್ಯಾಹ್ನ ನಾನು ಮನೆಯಲ್ಲೇ ಇರುತ್ತೇನೆ, ಎಷ್ಟು ಹೊತ್ತಾದರೂ ಮಾತಾಡೋಣ ಎಂದೆ.

ಅವಳು ಒಪ್ಪಲಿಲ್ಲ. "ಬ್ಯಾಡ ತಂಗಿ. ಅದು ಹರಟಿ ಆಗತೈತಿ. ಹರಟಿ ಎರಡ ದಿನಾ ಛಲೋ ಇರತೈತಿ, ಮುಂದ ನಿನಗೂ ಬ್ಯಾಸರಾ, ನನಗೂ ಬ್ಯಾಸರಾ. ಇದು ಕೆಲಸ. ನಾ ಕನ್ನಡದಾಗ ಹೇಳಿದ್ದು ನೀ ಬರಕೋತಿ, ಆ ಹುಡುಗಿ ಓದತಾಳ, ಯಾರೋ ಗಾಡಿ ತಿರುಗಿಸ್ತಾರ. ನನ್ನ ಕನ್ನಡದಿಂದ ಈ ಊರಾಗ ಇನ್ನೇನು ಉಪಯೋಗ ಐತಿ ಹೇಳು."

ಅವತ್ತು ಮನೆಗೆ ಬಂದು ಅಡಿಗೆ ಮಾಡುವಾಗಲೂ ಅದೇ ಮಾತು ತಲೆಯಲ್ಲಿತ್ತು. ನಿರ್ಮಾಪಕಿ ಇನ್ನು ಅವಳ ಫೋನು ಎತ್ತಿದರೂ ಸುದ್ದಿ ತೆಗೆದುಕೊಳ್ಳಬೇಡ ಎಂದಿದ್ದಳು. ಅವಳು ಹೇಳಿದ್ದೂ ತಪ್ಪಲ್ಲ. ಒಮ್ಮೆ ಸುಳ್ಳು ಹೇಳಿದವರ ನಿಜವನ್ನೂ ಬಿಟ್ಟುಬಿಡುವುದು ಈ ಕೆಲಸದಲ್ಲಿ ಸುಲಭದ ದಾರಿ.

ಮರುದಿನ ನನಗೊಂದು ಯೋಚನೆ ಹೊಳೆಯಿತು. ಜಾಮ್ ಆದರೆ ನೂರು ಜನ ಹೇಳುತ್ತಾರೆ. ರಸ್ತೆ ಚೆನ್ನಾಗಿದೆ ಎಂದು ಯಾರು ಫೋನ್ ಮಾಡುತ್ತಾರೆ? ಯಾರೂ ಇಲ್ಲ. ಹಾಗಾಗಿ ಒಂದು ರಸ್ತೆಯ ಸುದ್ದಿ ಬಂದಿಲ್ಲವೆಂದರೆ ಅದು ಸುಗಮವಾಗಿದೆಯೋ, ಅಥವಾ ಅಲ್ಲಿ ನೋಡುವವರೇ ಇಲ್ಲವೋ ನಮಗೆ ತಿಳಿಯುತ್ತಿರಲಿಲ್ಲ. ಜಾಮ್ ಯಾವಾಗ ಬಿಟ್ಟಿತು ಎಂಬುದಂತೂ ಯಾರೂ ಹೇಳುವುದಿಲ್ಲ. ಬಿಟ್ಟ ಕೂಡಲೇ ಗಾಡಿ ಓಡಿಸಿಕೊಂಡು ಹೋಗುತ್ತಾರೆ.

ಅವಳು ಫೋನ್ ಮಾಡಿದಾಗ ಹೇಳಿದೆ: "ಅಕ್ಕ, ರಸ್ತೆ ಖಾಲಿ ಇದ್ದರೆ ಖಾಲಿ ಇದೆ ಅಂತಲೇ ಹೇಳಿ. ಅದೂ ಸುದ್ದಿಯೇ. ನನಗೆ ಅದನ್ನು ಹೇಳೋರು ಬೇರೆ ಯಾರೂ ಇಲ್ಲ."

"ನನಗ ಸಮಾಧಾನ ಮಾಡಾಕ ಹೇಳಾಕ ಹತ್ತೀಯೇನ?"

"ಇಲ್ಲ ಅಕ್ಕ. ಖರೇನೇ."

ನನ್ನ ಬಾಯಲ್ಲಿ ಅವಳ ಶಬ್ದ ಬಂದದ್ದಕ್ಕೆ ಇಬ್ಬರಿಗೂ ನಗು ಬಂತು.

ಹಾಗೆ ಶುರುವಾಯಿತು. "ರಸ್ತೆ ಖಾಲಿ ಐತಿ ತಂಗಿ. ಹಾಲಿನಾಂವ ಹೋದ. ಎದುರಿನ ಮನಿ ಡಾಕ್ಟರ್ ಕಾರ್ ತಗದಾನ." ಮರುದಿನ: "ಖಾಲಿ ಐತಿ. ಸಂತ್ರಾ ಹಣ್ಣಿನ ಗಾಡಿ ಬಂದೈತಿ, ನಾಲ್ಕ ಮಂದಿ ಹೆಂಗಸೂರು ಕೂಡ್ಯಾರ, ರಸ್ತೆಕ್ಕೇನ್ ಅಡ್ಡಿಲ್ಲ." ನಿಜವಾಗಿ ಜಾಮ್ ಆದ ದಿನ ಜಾಮ್ ಎನ್ನುತ್ತಿದ್ದಳು. ಆಮೇಲೆ, ಅದು ಬಿಟ್ಟಾಗ ಇನ್ನೊಂದು ಸಲ ಫೋನ್ ಮಾಡಿ "ಬಿಡ್ತು" ಎನ್ನುತ್ತಿದ್ದಳು. ಇಡೀ ನಾಗಪುರದಲ್ಲಿ ಹಾಗೆ ಹೇಳುತ್ತಿದ್ದವಳು ಅವಳೊಬ್ಬಳೇ. ನಿರ್ಮಾಪಕಿಗೆ ಇದು ಹಿಡಿಸಿತು. "ಮನೀಶ್ ನಗರ್ ಸಾಫ್ ಹೈ" ಎಂದು ಓದುವುದು ಒಂದು ಅಭ್ಯಾಸವೇ ಆಯಿತು.

ಮುಂದಿನ ಮಳೆಗಾಲದ ಒಂದು ಬೆಳಗು ಮಾತ್ರ ನಾನು ಮರೆಯಲಾರೆ. ಹಿಂದಿನ ದಿನದಿಂದ ಮಳೆ ಬಿಟ್ಟಿರಲಿಲ್ಲ. ಎಲ್ಲ ಲೈನುಗಳೂ ಮಿಣುಕುತ್ತಿದ್ದವು. ವಾಡಿ ಕಡೆ ಲಾರಿಗಳು ಸಾಲಾಗಿ ನಿಂತಿದ್ದವು, ಇತವಾರಿಯಲ್ಲಿ ಅಂಗಡಿಗಳಿಗೆ ನೀರು ನುಗ್ಗಿತ್ತು. ನಕ್ಷೆಯಲ್ಲಿ ಅಲ್ಲಲ್ಲಿ ಕೆಂಪು. ಮನೀಶ್ ನಗರದ ಕಡೆ ಕೆಂಪು ಇರಲಿಲ್ಲ. ಅಷ್ಟರಲ್ಲಿ ಅವಳು ಫೋನ್ ಮಾಡಿದಳು.

"ರಸ್ತೆ ಖಾಲಿ ಐತಿ," ಅಂದಳು. ನಾನು ಸರಿ ಎನ್ನುವುದರೊಳಗೆ, "ತಡಿ ತಂಗಿ. ಇದು ಖಾಲಿ ಇರೂ ಹೊತ್ತಲ್ಲ. ಶಾಲಿ ಬಸ್ ಬಂದಿಲ್ಲ. ಹಾಲಿನಾಂವ ಬಂದಿಲ್ಲ. ಈ ಕಡಿಂದ ಹೋದ ಗಾಡಿ ಎಲ್ಲಾ ತಿರುಗಿ ವಾಪಸ್ ಬರಾಕ ಹತ್ಯಾವ. ಆ ಕಡಿಂದ ಒಂದೂ ಬಂದಿಲ್ಲ. ನನಗ ಬರೋಬರ್ ಅನಸೂದಿಲ್ಲ."

ನಾನು ನಿರ್ಮಾಪಕಿಗೆ ಹೇಳಿದೆ. ಅವಳು ನಕ್ಷೆ ತೋರಿಸಿದಳು. ಕೆಂಪಿಲ್ಲವಲ್ಲ? ಬೇರೆ ಯಾರೂ ಹೇಳಿಲ್ಲವಲ್ಲ? ನಾನು ಹೇಳಿದೆ, ಗಾಡಿಗಳೇ ಇಲ್ಲದ ಕಡೆ ಕೆಂಪು ಹೇಗೆ ಬರುತ್ತದೆ? ಗಾಡಿ ನಿಧಾನವಾದರೆ ತಾನೇ ನಕ್ಷೆಗೆ ಗೊತ್ತಾಗುವುದು. ಆ ರಸ್ತೆಯ ಆಚೆ ತುದಿಯಲ್ಲಿರುವ ಅಂಡರ್‌ಪಾಸಿನಲ್ಲಿ ನೀರು ತುಂಬಿರಬಹುದು.

"ಅವಳು ಅಂಡರ್‌ಪಾಸ್ ನೋಡಿದಳಾ?"

"ಇಲ್ಲ. ಅವಳ ಕಿಟಕಿಗೆ ಕಾಣುವುದಿಲ್ಲ. ಕಂಡದ್ದನ್ನು ಮಾತ್ರ ಹೇಳಿದ್ದಾಳೆ."

ನಿರ್ಮಾಪಕಿ ಪೆನ್ನಿನ ತುದಿ ಕಚ್ಚಿದಳು. ದೀಪಾವಳಿಯ ಮರುದಿನದ ಬಂಡಿ ಅವಳಿಗೂ ನೆನಪಿತ್ತು, ನನಗೂ ನೆನಪಿತ್ತು. ಕೊನೆಗೆ, "ಹಾಗಾದರೆ ನಾವೂ ಅಷ್ಟೇ ಹೇಳೋಣ. ಹೆಚ್ಚೂ ಬೇಡ, ಕಡಿಮೆಯೂ ಬೇಡ" ಅಂದಳು. ಅಂಡರ್‌ಪಾಸಿನ ಕಡೆಗೆ ಹೋದ ವಾಹನಗಳು ಹಿಂತಿರುಗುತ್ತಿವೆ ಎಂದು ಒಬ್ಬರು ಕೇಳುಗರು ತಿಳಿಸಿದ್ದಾರೆ, ನೋಡಿಕೊಂಡು ಹೋಗಿ ಎಂದು ಹುಡುಗಿ ಓದಿದಳು. ಹಾಡು ಮುಗಿಯುವ ಮೊದಲೇ ಒಬ್ಬ ಆಟೋದವನ ಫೋನು ಬಂತು. ಅಂಡರ್‌ಪಾಸಿನಲ್ಲಿ ನೀರು ಸೊಂಟದವರೆಗೆ ಇದೆ, ಒಂದು ಕಾರು ಮುಳುಗಿದೆ, ಒಳಗಿದ್ದವರು ಇಳಿದು ಬಂದಿದ್ದಾರೆ. ಆಮೇಲೆ ಇನ್ನಷ್ಟು ಜನ ಹೇಳಿದರು.

ಅವಳಿಗೆ ತಿಳಿಸಲು ನಾನೇ ಫೋನ್ ಮಾಡಿದೆ. "ಅಕ್ಕ, ನೀವು ಹೇಳಿದ್ದು ನಿಜ ಆಯ್ತು."

"ಯಾರಿಗೂ ಏನೂ ಆಗಿಲ್ಲ ಹೌದಿಲ್ಲೋ?" ಎಂದು ಕೇಳಿದಳು. ಆಗಿಲ್ಲ ಎಂದೆ. ಅವಳ ಉಸಿರು ಕೇಳಿಸಿತು. ಮಳೆಯ ಸದ್ದೂ ಕೇಳಿಸಿತು.

ಆ ಚಳಿಗಾಲದಲ್ಲಿ ಒಂದು ಭಾನುವಾರ ನಾನು ಅವಳ ಮನೆಗೆ ಹೋದೆ. ಅವಳೇ ಕರೆದಿದ್ದಳು, ಜೋಳದ ರೊಟ್ಟಿ ಮಾಡುತ್ತೇನೆ ಬಾ ಎಂದು. ಬಾಗಿಲು ತೆಗೆದದ್ದು ಅವಳ ಗಂಡ. ಎತ್ತರದ, ನೆಟ್ಟಗೆ ನಿಲ್ಲುವ ಮನುಷ್ಯ. "ಯಾ, ಯಾ" ಎಂದು ಒಳಗೆ ಕರೆದು, ಹೆಂಡತಿಯನ್ನು ತೋರಿಸಿ ಮರಾಠಿಯಲ್ಲಿ ಹೇಳಿದರು: "ಹೀ ರೋಜ್ ಸಕಾಳೀ ಆಫಿಸಲಾ ಜಾತೇ. ತ್ಯಾ ಖಿಡಕೀತ್." ಇವಳು ದಿನಾ ಬೆಳಿಗ್ಗೆ ಆಫೀಸಿಗೆ ಹೋಗುತ್ತಾಳೆ, ಆ ಕಿಟಕಿಗೆ. ಅವರ ಮಾತಿನಲ್ಲಿ ಹೆಮ್ಮೆ ಇತ್ತು. ಕಿಟಕಿಯ ಹತ್ತಿರ ಒಂದು ಬೆತ್ತದ ಕುರ್ಚಿ, ಅದರ ಮೇಲೆ ಅವರೇ ತಂದು ಹಾಕಿದ ಹೊಸ ದಿಂಬು.

ಅವಳು ನಾನು ಅಂದುಕೊಂಡದ್ದಕ್ಕಿಂತ ಸಣ್ಣ ಆಳು. ಇಳಕಲ್ ಸೀರೆ ಉಟ್ಟಿದ್ದಳು. ನನ್ನನ್ನು ನೋಡಿ ಕೈ ಹಿಡಿದಳು, ಕೂರಿಸಿದಳು. ಫೋನಿನಲ್ಲಿ ಅಷ್ಟು ಸರಾಗವಾಗಿದ್ದ ಮಾತು ಎದುರುಬದುರು ಕೂತಾಗ ಎಲ್ಲೋ ನಿಂತುಹೋಯಿತು. ಅವಳ ಗಂಡ ನಮ್ಮ ಜೊತೆಗೇ ಕೂತರು; ಒಳ್ಳೆಯವರು, ಮಾತುಗಾರರು. ಅವರಿಗೆ ಅರ್ಥವಾಗದ ಭಾಷೆಯಲ್ಲಿ ಅವರ ಮುಂದೆ ಮಾತಾಡುವುದು ಸರಿಯಲ್ಲ ಎಂದು ಅವಳಿಗೂ ಅನ್ನಿಸಿರಬೇಕು, ನನಗೂ ಅನ್ನಿಸಿತು. ಒಂದು ಮಾತು ಮರಾಠಿಯಲ್ಲಿ ಶುರುವಾಯಿತು, ಹಾಗೆಯೇ ಮುಂದುವರಿಯಿತು. ರೊಟ್ಟಿ ತಿಂದೆವು, ಎಣ್ಣೆಗಾಯಿ ತಿಂದೆವು, ಶೇಂಗಾ ಚಟ್ನಿ ಹಾಕಿಸಿಕೊಂಡೆವು. ಎಲ್ಲ ಮರಾಠಿಯಲ್ಲಿ. ನನ್ನ ಮರಾಠಿ ಎಷ್ಟು ಚೆನ್ನಾಗಿದೆ ಎಂದು ಅವರು ಹೊಗಳಿದರು. ಅವಳೂ ತಲೆಯಾಡಿಸಿದಳು.

ಹೊರಡುವಾಗ ಅವಳು ನನ್ನ ಜೊತೆ ಮೆಟ್ಟಿಲಿನವರೆಗೆ ಬಂದಳು. ಬಾಗಿಲು ಹಿಂದೆ ಮುಚ್ಚಿಕೊಂಡಿತು. ಆಗ ಮೆಲ್ಲಗೆ ಅಂದಳು: "ಏನ್ ಮಾಡಿದ್ವಿ ತಂಗಿ ಇವತ್ತ ನಾವು? ಒಂದ ಮಾತೂ ಆಡಲಿಲ್ಲ."

"ನಾಳೆ ಬೆಳಿಗ್ಗೆ ಫೋನ್ ಮಾಡಿ ಅಕ್ಕ."

"ಮಾಡ್ತೀನಿ. ನಾಳೆ ಸೋಮವಾರ. ಗದ್ಲ ಇರತೈತಿ."

ಅದಾದ ಮುಂದಿನ ವರ್ಷ ಟ್ರಾಫಿಕ್ ಫೋನು ನಿಂತಿತು. ಸ್ಟೇಷನ್ನಿನವರು ನಕ್ಷೆಯ ಮಾಹಿತಿಯನ್ನೇ ನೇರವಾಗಿ ತೆಗೆದುಕೊಳ್ಳುವ ಏರ್ಪಾಡು ಮಾಡಿಕೊಂಡರು. ನಿಜ ಹೇಳಬೇಕೆಂದರೆ ಅದು ಹೆಚ್ಚು ಸರಿಯಾಗಿತ್ತು. ಇತವಾರಿಯ ವ್ಯಾಪಾರಿಯ ಕೈಗಾಡಿ ಅದರಲ್ಲಿ ಮಗುಚುವುದಿಲ್ಲ, ವಾಡಿಯ ಡ್ರೈವರ್ ಚಹಾ ಕುಡಿದು ಬರುವವರೆಗೆ ಅದು ಕಾಯುವುದಿಲ್ಲ. ನನಗೆ ಜಾಹೀರಾತು ವಿಭಾಗದಲ್ಲಿ ಬೇರೆ ಕೆಲಸ ಕೊಟ್ಟರು. ಕೊನೆಯ ದಿನ ಅವಳ ಫೋನು ಬಂದಾಗ ಹೇಳಲೇಬೇಕಾಯಿತು.

"ಹಂಗಾದ್ರ ನಾಳಿಂದ ರಸ್ತೆ ಯಾರ್ ನೋಡ್ತಾರ?"

"ಯಾರೂ ನೋಡಬೇಕಾಗಿಲ್ಲ ಅಕ್ಕ. ಗಾಡಿಯಲ್ಲಿರೋರ ಫೋನೇ ಹೇಳುತ್ತೆ, ತಾನು ನಿಂತಿದ್ದೀನಾ ಹೋಗ್ತಿದ್ದೀನಾ ಅಂತ."

"ಹೌದೇನ? ಅವರಿಗೆ ಗೊತ್ತಿಲ್ಲದಂಗ ಹೇಳತೈತೇನ?"

"ಹೆಚ್ಚುಕಡಿಮೆ ಹಾಗೇ."

ಅವಳು ಯೋಚಿಸಿದಳು. "ಯಾಕ ನಿಂತಾವ ಅಂತ ಹೇಳತೈತೇನ?"

"ಇಲ್ಲ."

"ಮತ್ತ?" ಅಂದಳು. ಆಮೇಲೆ ಆ ದಿನದ ಸುದ್ದಿ ಕೊಟ್ಟಳು. ಖಾಲಿ ಇತ್ತು. ನಾನು ಚೀಟಿ ಬರೆದೆ, ಹುಡುಗಿ ಓದಿದಳು.

ಆಮೇಲೆ ನನ್ನ ಸ್ವಂತ ನಂಬರಿಗೆ ಅವಳು ಕೆಲವು ಸಲ ಫೋನ್ ಮಾಡಿದಳು. ನಾನೂ ಮಾಡಿದೆ. ಅವಳು ಮೊದಲೇ ಹೇಳಿದ ಹಾಗೆಯೇ ಆಯಿತು. ಏನು ಅಡಿಗೆ, ಆರೋಗ್ಯ ಹೇಗಿದೆ, ಬಿಸಿಲು ಹೇಗಿದೆ. ಹೇಳಿ ಮುಗಿದ ಮೇಲೆ ಇಬ್ಬರೂ ಇನ್ನೇನು ಹೇಳುವುದೆಂದು ಹುಡುಕುತ್ತಿದ್ದೆವು. ಕೆಲಸವಿಲ್ಲದ ಮಾತಿಗೆ ನಾವಿಬ್ಬರೂ ಒಗ್ಗಿರಲಿಲ್ಲ. ಕರೆಗಳು ವಾರಕ್ಕೊಂದಾದವು, ಆಮೇಲೆ ಹಬ್ಬಕ್ಕೊಂದು. ಮಗಳ ಮನೆಗೆ ಹತ್ತಿರವಾಗಲಿ ಎಂದು ಅವರು ಮನೀಶ್ ನಗರದ ಫ್ಲ್ಯಾಟು ಮಾರಿ ನಾಸಿಕಕ್ಕೆ ಹೋದರು. ಹೋಗುವ ಮೊದಲು ತಿಳಿಸಿದ್ದಳು. ನಾನು ಮಗಳ ಪರೀಕ್ಷೆಯ ಗಡಿಬಿಡಿಯಲ್ಲಿದ್ದೆ, ಫೋನಿನಲ್ಲೇ ಹೋಗಿಬನ್ನಿ ಎಂದೆ.

ನಾನು ಈಗಲೂ ನಾಗಪುರದಲ್ಲೇ ಇದ್ದೇನೆ. ಯಾವುದಾದರೂ ಕೆಲಸಕ್ಕೆ ಮನೀಶ್ ನಗರದ ಕಡೆ ಸ್ಕೂಟರಿನಲ್ಲಿ ಹೋಗಬೇಕಾದರೆ ನಕ್ಷೆ ನೋಡಿಯೇ ಹೊರಡುತ್ತೇನೆ. ಅದು ಬಹುಮಟ್ಟಿಗೆ ಸರಿಯಾಗಿಯೇ ಹೇಳುತ್ತದೆ. ಆದರೂ ಆ ತಿರುವಿನಲ್ಲಿ ಕತ್ತೆತ್ತಿ ಎರಡನೆಯ ಮಹಡಿ ನೋಡುವುದು ತಪ್ಪಿಲ್ಲ. ಈಗಿನವರು ಆ ಕಿಟಕಿಗೆ ಏಸಿ ಪೆಟ್ಟಿಗೆ ಕೂರಿಸಿದ್ದಾರೆ. ಕೆಳಗೆ ಯಾವುದಾದರೂ ಬಸ್ಸು ನಿಂತಿದ್ದರೆ ಡ್ರೈವರ್ ಏನು ಮಾಡುತ್ತಿದ್ದಾನೆ ಎಂದು ನೋಡುತ್ತೇನೆ. ನೋಡಿ, ಯಾರಿಗೋ ಹೇಳಬೇಕು ಅನ್ನಿಸುತ್ತದೆ. ಕನ್ನಡದಲ್ಲಿ, ಅದೂ ಅವಳ ಕನ್ನಡದಲ್ಲಿ ಹೇಳಬೇಕು ಅನ್ನಿಸುತ್ತದೆ. ಗಂಡನ ಹತ್ತಿರ ಒಮ್ಮೆ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ.

ಕಳೆದ ಸಂಕ್ರಾಂತಿಗೆ ಅವಳು ಫೋನ್ ಮಾಡಿದ್ದಳು. ಎಳ್ಳುಬೆಲ್ಲದ ಮಾತಾಯಿತು. ಕಿಟಕಿಯಿಂದ ಏನು ಕಾಣುತ್ತದೆ ಎಂದು ಕೇಳಿದೆ. ತುಂಬಾ ಎತ್ತರದ ಮಹಡಿ, ರಸ್ತೆ ಕಾಣುವುದಿಲ್ಲ ಎಂದಳು. ಎದುರಿಗೆ ಹೊಸ ಕಟ್ಟಡ ಏಳುತ್ತಿದೆಯಂತೆ, ಕೂಲಿ ಹೆಂಗಸರು ಇಟ್ಟಿಗೆ ಹೊರುವುದನ್ನು ನೋಡುತ್ತಾಳಂತೆ.

"ತಂಗಿ, ತಲಿ ಮ್ಯಾಲೆ ಅರಬಿ ಸುತ್ತಿ ಇಟಗೋತಾರಲ್ಲಾ, ಬುಟ್ಟಿ ಒತ್ತಬಾರದಂತ. ಇಲ್ಲಿ ಚುಂಬಳ ಅಂತಾರ. ಅದಕ್ಕ ನಾವು ಏನಂತೀವಿ?"

"ಸಿಂಬೆ ಅಂತೀವಿ ಅಕ್ಕ."

"ಸಿಂಬಿ ಗೊತ್ತೈತಿ. ಅದಲ್ಲ. ನಮ್ಮವ್ವ ಬ್ಯಾರೆ ಒಂದು ಅಂತಿದ್ಲು. ಬಾಯಾಗೇ ಐತಿ, ಬರವಲ್ದು." ಅವಳು ಒಂದೆರಡು ಶಬ್ದ ಹೇಳಿ ನೋಡಿದಳು, ಅಲ್ಲ ಅಲ್ಲ ಎಂದು ತಾನೇ ತಳ್ಳಿಹಾಕಿದಳು. ಆ ಕಡೆಯಿಂದ ಯಾರೋ ಮರಾಠಿಯಲ್ಲಿ ಕರೆದರು. "ಇರ್ಲಿ, ನೆನಪಾತಂದ್ರ ಫೋನ್ ಮಾಡ್ತೀನಿ. ಬರಕೋ ನೀ."

ಬರೆದುಕೊಳ್ಳುತ್ತೇನೆ ಎಂದೆ. ನಮ್ಮ ರೈಲ್ವೆ ಕಾಲೊನಿಯಲ್ಲಿ ಹುಬ್ಬಳ್ಳಿ ಕಡೆಯವರು ಇದ್ದಾರೆ, ಕೇಳಿದರೆ ತಿಳಿಯಬಹುದು. ಕೇಳಿಲ್ಲ. ಅವಳೇ ಹೇಳಲಿ ಎಂದು ಕಾಯುತ್ತಿದ್ದೇನೆ.